ಹೂಚಕ್ರದ ಹಿಂದಿನ ನಂಬರು

ಹೆಸ್ಟರ್ ಡಿನ್ಸ್‌ಡೇಲ್ ಆ ಮಂಗಳವಾರ ಬೆಳಿಗ್ಗೆ ನಾಲ್ಕನೆಯ ಸಲ ಕುರ್ಚಿ ಬಿಟ್ಟು ಎದ್ದಳು. ಕಿಟಕಿಯವರೆಗೆ ಹೋದಳು, ತಿರುಗಿ ಬಂದಳು, ಭೂತಗನ್ನಡಿ ಹಿಡಿದು ಅದೇ ಫೋಟೋದ ಮೇಲೆ ಬಗ್ಗಿದಳು, ಮತ್ತೆ ಎದ್ದಳು. ಅರವತ್ನಾಲ್ಕು ವರ್ಷದ ಹೆಂಗಸು. ಬಲ ಮೊಣಕಾಲು ಹೇಳಿದ ಮಾತು ಕೇಳುತ್ತಿರಲಿಲ್ಲ. ಆದರೂ ಕೂತಲ್ಲಿ ಕೂರುವುದು ಅವಳಿಂದ ಆಗುತ್ತಿರಲಿಲ್ಲ.

"ನೆಲ ಸವೆದು ಹೋಗುತ್ತೆ ಕಣೇ ಹುಡುಗಿ," ಎಂದ ಸೆಪ್ ಗಾರ್ಬಟ್, ತಲೆ ಎತ್ತದೆ. ಎಂಬತ್ತು ತುಂಬಿದ ಸೆಪ್‌ನ ಲೆಕ್ಕದಲ್ಲಿ ಅರವತ್ತರವರೆಲ್ಲ ಹುಡುಗ ಹುಡುಗಿಯರೇ.

"ಸವೆದ್ರೆ ಸವೀಲಿ. ನಿಮ್ಮಪ್ಪನ ನೆಲ ಅಲ್ವಲ್ಲ."

ಆ ನೆಲ ಯಾರಪ್ಪನದೂ ಆಗಿರಲಿಲ್ಲ. ಸ್ಕಾರ್‌ಬೆಕ್ ಸ್ಟೇಷನ್ನಿಗೆ ರೈಲು ಬರುವುದು ನಿಂತು ನಲವತ್ತೇಳು ವರ್ಷವಾಗಿತ್ತು. ಹಳಿ ಕಿತ್ತಿದ್ದರು, ಪ್ಲಾಟ್‌ಫಾರ್ಮಿನ ಮೇಲೆ ಮುಳ್ಳುಗಿಡ ಬೆಳೆದಿತ್ತು, ಪಾರ್ಸೆಲ್ ಕೋಣೆಯೊಂದು ಉಳಿದಿತ್ತು. ಅಲ್ಲಿ ಪ್ರತಿ ಮಂಗಳವಾರ ಏಳೆಂಟು ಜನ ಸೇರಿ ಸತ್ತವರು ತೆಗೆದ ಫೋಟೋಗಳನ್ನು ವಿಂಗಡಿಸುತ್ತಿದ್ದರು. ಡರಮ್ ಸೀಮೆಯಲ್ಲಿ ಉಗಿಬಂಡಿಯ ಹುಚ್ಚು ಹಿಡಿದ ಗಂಡಸು ಸತ್ತರೆ ಹೆಂಡತಿಗೋ ತಂಗಿಯ ಮಗಳಿಗೋ ಉಳಿಯುವುದು ಬೂಟಿನ ಡಬ್ಬಗಳ ತುಂಬ ನೆಗೆಟಿವ್‌ಗಳು. ಅವರು ಅದನ್ನು ಪಾರ್ಸೆಲ್ ಕೋಣೆಯ ಬಾಗಿಲಲ್ಲಿಟ್ಟು, ಮನೆಯಲ್ಲಿ ಒಂದು ಕಪಾಟು ಖಾಲಿಯಾಯಿತಲ್ಲ ಎಂದು ನಿಟ್ಟುಸಿರು ಬಿಟ್ಟು ಹೋಗುತ್ತಾರೆ. ಯಾವ ಇಂಜಿನ್, ಯಾವ ಜಾಗ, ಯಾವ ದಿನ ಎಂದು ಪತ್ತೆ ಹಚ್ಚಿ ಬರೆದಿಡುವುದು ಈ ಜನರ ಕೆಲಸ. ಊರಿನವರು ಇವರನ್ನು ರಿವೆಟ್ ಎಣಿಸುವವರು ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಒಂದೇ ಅಚ್ಚಿನ ನೂರು ಇಂಜಿನ್‌ಗಳಿರುವಾಗ ಒಂದನ್ನು ಇನ್ನೊಂದರಿಂದ ಬೇರೆ ಮಾಡುವುದು ತಗಡಿನ ತೇಪೆಯನ್ನು ಕಚ್ಚಿ ಹಿಡಿದ ಎರಡು ರಿವೆಟ್ ಮೊಳೆಗಳೇ. ಎಣಿಸದೆ ಇನ್ನೇನು ಮಾಡಬೇಕು?

ಅಂದಿನ ಫೋಟೋ ಊರಿಗೆಲ್ಲ ಗೊತ್ತಿದ್ದದ್ದು. ಫ್ಲೀಸ್ ಪಬ್ಬಿನ ಗೋಡೆಯ ಮೇಲೆ, ಚರ್ಚಿನ ಕ್ಯಾಲೆಂಡರಿನಲ್ಲಿ, ಪಾತ್ರೆ ಒರೆಸುವ ಬಟ್ಟೆಯ ಮೇಲೆ ಕೂಡ ಅದೇ. ಇಳಿಜಾರಿನ ತಿರುವಿನಲ್ಲಿ ಎರಡು ಡಬ್ಬಿ ಎಳೆದುಕೊಂಡು ಬರುತ್ತಿರುವ ಇಂಜಿನ್, ಮೂತಿಯ ಮೇಲೆ, ಸತ್ತವರಿಗೆ ಇಡುವಂಥ ಹೂಚಕ್ರ. ಕೆಳಗೆ ಅಚ್ಚಾದ ಹೆಸರು: ಸ್ಕಾರ್‌ಬೆಕ್‌ನ ಕೊನೆಯ ರೈಲು, ೧೯೬೪. ಹೂಚಕ್ರ ಸರಿಯಾಗಿ ನಂಬರ್ ಫಲಕದ ಮೇಲೆ ಕೂತಿದ್ದರಿಂದ ಅದು ಯಾವ ಇಂಜಿನ್ ಎಂದು ಯಾರಿಗೂ ಗೊತ್ತಾಗಿರಲಿಲ್ಲ. ಅದನ್ನು ತೆಗೆದವನು ಔಷಧಿ ಅಂಗಡಿಯ ಆಂಬ್ರೋಸ್ ಕಿಡ್. ಹೋದ ವರ್ಷ ತೀರಿಕೊಂಡ. ಅವನ ತಂಗಿಯ ಮಗಳು ಟ್ರಂಕು ತಂದುಕೊಟ್ಟಾಗ ಅದರಲ್ಲಿ ಮೂಲ ನೆಗೆಟಿವ್ ಇತ್ತು.

"ಮೂರು ವಾರ ಇದೆ ನಮ್ಮ ಫೋಟೋ ಪ್ರದರ್ಶನಕ್ಕೆ," ಎಂದ ಮಾಲ್ಕಮ್ ಟೆಂಪರ್ಟನ್. ಕೂಟದ ಅಧ್ಯಕ್ಷ, ಭೂಗೋಳದ ಮೇಷ್ಟ್ರಾಗಿದ್ದವನು, ಈಗಲೂ ಎಲ್ಲರಿಗೂ ಹೋಂವರ್ಕ್ ಕೊಡುವ ಚಾಳಿ. "ಆಳೆತ್ತರ ಮಾಡಿ ಬಾಗಿಲಲ್ಲೇ ಹಾಕ್ತೀನಿ ಇದನ್ನ. ನಂಬರ್ ಒಂದು ಸಿಕ್ಕಿಬಿಟ್ರೆ ಸಾಕು. ಹೆಸ್ಟರ್, ಇದು ನಿಮ್ಮ ಪಾಲಿಗೆ."

"ಕೊನೇ ರೈಲು ಅಂತ ಊರಿಗೇ ಗೊತ್ತು," ಎಂದ ಸೆಪ್. "ನಂಬರ್ ಕಟ್ಕೊಂಡು ಏನಾಗಬೇಕು? ಬಿಡ್ರಪ್ಪ."

ಹೆಸ್ಟರ್ ತಿರುಗಿ ನೋಡಿದಳು. ಹೋದ ಚಳಿಗಾಲದಲ್ಲಿ ಒಂದು ಚಿಮಣಿ ಎರಡಿಂಚು ಗಿಡ್ಡವೋ ಉದ್ದವೋ ಎಂದು ಎರಡು ವಾರ ಜಗಳವಾಡಿದ್ದ ಮುದುಕ ಈತ.

"ಸೆಪ್, ಇಲ್ಲಿ ನೋಡಿ. ಎಡಗಡೆ ಕೈಕಂಬಿ ಮುಂದಕ್ಕೆ ಬಂದ ಹಾಗೆ ಕುಸಿದಿದೆ. ನೀವು ಇಲ್ಲಿನ ಇಂಜಿನ್ ಶೆಡ್ಡಲ್ಲೇ ಕೆಲಸಕ್ಕಿದ್ರಿ. ಯಾವುದಕ್ಕಿತ್ತು ಇಂಥ ಕಂಬಿ?"

"ಕನ್ನಡಕ ಮನೇಲಿ ಬಿಟ್ಟು ಬಂದಿದೀನಿ," ಎಂದ ಸೆಪ್. ಕನ್ನಡಕ ಅವನ ಮೂಗಿನ ಮೇಲೇ ಇತ್ತು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಸೆಪ್ ನಗಲಿಲ್ಲ. ಟೋಪಿ ಎತ್ತಿಕೊಂಡು, ತೋಟಕ್ಕೆ ನೀರು ಹಾಕಬೇಕು ಎಂದು ಹೊರಟುಹೋದ. ಹೆಸ್ಟರ್‌ಗೆ ಅಲ್ಲಿಂದ ಒಳಗೆ ಇರುವೆ ಬಿಟ್ಟ ಹಾಗಾಯಿತು.

ಅವಳು ಆ ಕೂಟಕ್ಕೆ ಸೇರಿದ್ದಕ್ಕೆ ಕಾರಣವಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಅವಳ ಅಪ್ಪ ವಿಲ್ಫ್ರಿಡ್ ಇದೇ ಸ್ಕಾರ್‌ಬೆಕ್ ಶೆಡ್ಡಿನ ಡ್ರೈವರ್. ಐವತ್ತೈದರ ಬೇಸಿಗೆಯಲ್ಲಿ ಡ್ರೈವರ್‌ಗಳು, ಇಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕುವ ಫೈರ್‌ಮನ್‌ಗಳು ಹದಿನೇಳು ದಿನ ಮುಷ್ಕರ ಹೂಡಿದರು. ಕರೆ ಕೊಟ್ಟದ್ದು ಒಂದು ಸಂಘ, ವಿಲ್ಫ್ರಿಡ್ ಇದ್ದದ್ದು ಇನ್ನೊಂದರಲ್ಲಿ. ನನ್ನ ಸಂಘ ನಿಲ್ಲು ಎಂದು ಹೇಳಿಲ್ಲ, ನಾನೇಕೆ ನಿಲ್ಲಲಿ ಎಂದು ಅವನು ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಹೋದ. ಹದಿನೆಂಟನೆಯ ದಿನ ಎಲ್ಲರೂ ವಾಪಸು ಬಂದರು. ಅವನ ಕಪಾಟಿನ ಮೇಲೆ ಸೀಮೆಸುಣ್ಣದಲ್ಲಿ ದ್ರೋಹಿ ಎಂದು ಬರೆದಿತ್ತು. ಆಮೇಲೆ ಶೆಡ್ಡಿನಲ್ಲಿ ಒಬ್ಬನೂ ಅವನೊಂದಿಗೆ ಮಾತಾಡಲಿಲ್ಲ. ಮಕ್ಕಳು ಟೂ ಬಿಟ್ಟರೆ ಸಂಜೆಗೆ ಮುಗಿಯುತ್ತದೆ. ಆ ಗಂಡಸರು ಬಿಟ್ಟದ್ದು ಅವನು ಸಾಯುವವರೆಗೆ.

ಐವತ್ತೊಂಬತ್ತರ ಮಾರ್ಚಿನಲ್ಲಿ, ಒಂದು ಭಾನುವಾರ, ಹಿತ್ತಲಿನಲ್ಲಿ ಎದೆ ಹಿಡಿದುಕೊಂಡು ಬಿದ್ದ. ಡ್ರೈವರ್ ಸತ್ತರೆ ಶೆಡ್ಡಿನ ಆರು ಜನ ಒಗೆದ ನೀಲಿ ಬಟ್ಟೆ ತೊಟ್ಟು ಹೆಣ ಹೊರಬೇಕು, ಸ್ಮಶಾನದ ಪಕ್ಕ ಹೋಗುವ ಇಂಜಿನ್ ಉದ್ದಕ್ಕೆ ಸಿಳ್ಳೆ ಹಾಕಬೇಕು. ಅದು ಅಲ್ಲಿನ ಪದ್ಧತಿ. ವಿಲ್ಫ್ರಿಡ್‌ನನ್ನು ಬಾಡಿಗೆಯ ಆಳುಗಳು ಹೊತ್ತರು. ಗುಂಡಿಯ ಸುತ್ತ ಐದು ಜನ, ಶೆಡ್ಡಿನವರು ಒಬ್ಬರೂ ಇಲ್ಲ. ಗೋಡೆಯಾಚೆ ಒಂದು ಗಾಡಿ ಬಂದ ಸದ್ದಾಯಿತು. ಹನ್ನೆರಡು ವರ್ಷದ ಹೆಸ್ಟರ್ ತಲೆ ಎತ್ತಿ ಉಸಿರು ಹಿಡಿದು ಕಾದಳು. ಗಾಡಿ ಸಿಳ್ಳೆ ಹಾಕದೆ ಹೋಯಿತು. ಅವತ್ತಿನಿಂದ ಅವಳಿಗೆ ಬೇಕಾದದ್ದು ಒಂದೇ: ಅಪ್ಪನನ್ನು ಬೀಳ್ಕೊಡಲು ಆ ಶೆಡ್ಡಿನಲ್ಲಿ ಒಬ್ಬನಾದರೂ ಇದ್ದನೋ ಇಲ್ಲವೋ ಎಂದು ತಿಳಿಯಬೇಕು. ಇಲ್ಲ ಎಂದಾದರೂ ಸರಿ, ಗೊತ್ತಾಗಬೇಕು. ಬಾಯಿ ಬಿಟ್ಟು ಕೇಳುವಷ್ಟು ಕೆಳಗಿಳಿಯಲು ಅವಳು ಸಿದ್ಧಳಿರಲಿಲ್ಲ. ಅದಕ್ಕೇ ಫೋಟೋಗಳನ್ನು ಕೇಳುತ್ತಿದ್ದಳು.

ಬುಧವಾರ ಟ್ರಂಕನ್ನು ಮನೆಗೆ ತಂದಳು. ಅಡುಗೆಮನೆಯ ಮೇಜಿನ ಮೇಲಿದ್ದದ್ದೆಲ್ಲ ನೆಲಕ್ಕೆ ಹೋಯಿತು. ನಲವತ್ತು ವರ್ಷ ನಕ್ಷೆ ಕಚೇರಿಯಲ್ಲಿ ಇನ್ನೊಬ್ಬರು ಎಳೆದ ಗೆರೆಗಳ ಮೇಲೆ ಗೆರೆ ಎಳೆದ ಕೈ ಅವಳದು. ತಪ್ಪು ಗೆರೆ ಕಂಡರೆ ಊಟ ಸೇರುತ್ತಿರಲಿಲ್ಲ. ನೆಗೆಟಿವನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟಾಗ ಪಬ್ಬಿನ ಚಿತ್ರದಲ್ಲಿ ಕಾಣದ್ದು ಕಂಡಿತು. ಕುಸಿದ ಕೈಕಂಬಿಯ ಕೆಳಗೆ ಅಂಗೈಯಗಲದ ತೇಪೆ, ಅದರ ಮೇಲೆ ಏಳು ರಿವೆಟ್. ಆರಿರಬೇಕಾದಲ್ಲಿ ಏಳು. ಯಾವನೋ ಕಮ್ಮಾರ ರಂಧ್ರ ತಪ್ಪು ಕೊರೆದು, ಪಕ್ಕದಲ್ಲಿ ಇನ್ನೊಂದು ಹೊಡೆದು ಕೈ ತೊಳೆದುಕೊಂಡಿದ್ದ. ಅವನಿಗೆ ಪುಣ್ಯ ಬರಲಿ ಎಂದುಕೊಂಡಳು.

ಮುನ್ನೂರು ಚಿಲ್ಲರೆ ನೆಗೆಟಿವ್ ನೋಡಿದಳು. ನಡುವೆ ಎದ್ದು ಓಡಾಡಿದಳು, ಚಹಾ ಮಾಡಿ ಕುಡಿಯುವುದನ್ನು ಮರೆತಳು, ಪಕ್ಕದ ಮನೆಯವಳು ಬಾಗಿಲು ತಟ್ಟಿದರೆ ಇಲ್ಲ ಎಂದು ಒಳಗಿನಿಂದಲೇ ಕೂಗಿದಳು. ಗುರುವಾರ ಮಧ್ಯಾಹ್ನ ಸಿಕ್ಕಿತು. ಅದೇ ಕಂಬಿ, ಅದೇ ತೇಪೆ, ಏಳು ರಿವೆಟ್. ಹೂಚಕ್ರವಿಲ್ಲದ ಮೂತಿಯ ಮೇಲೆ ನಂಬರು ಸ್ಪಷ್ಟವಾಗಿತ್ತು. ಶೆಡ್ಡಿನವರು ಇಂಜಿನ್ನನ್ನು ಕೊನೆಯ ಎರಡು ಅಂಕಿಯಿಂದಲೇ ಕರೆಯುತ್ತಿದ್ದರು, ಅವಳಿಗೂ ಅದೇ ರೂಢಿ. ಎಪ್ಪತ್ತೊಂಬತ್ತು.

ಖುಷಿಯಿಂದ ಇಂಜಿನ್‌ಗಳ ಪಟ್ಟಿ ತೆಗೆದಳು. ಎಪ್ಪತ್ತೊಂಬತ್ತು: ಅರವತ್ತೊಂದರ ಅಕ್ಟೋಬರಿನಲ್ಲಿ ಒಡೆದು ಗುಜರಿಗೆ ಹಾಕಿದ್ದು.

ಗುಜರಿಗೆ ಹೋದ ಇಂಜಿನ್ ಮೂರು ವರ್ಷದ ಮೇಲೆ ಎದ್ದು ಬಂದು ಕೊನೆಯ ರೈಲು ಎಳೆಯಿತೇ? ತನ್ನದೇ ತಪ್ಪು ಎಂದುಕೊಂಡು ರಿವೆಟ್‌ಗಳನ್ನು ಮತ್ತೆ ಎಣಿಸಿದಳು. ಬೇರೆ ಪಟ್ಟಿ ತೆಗೆದಳು. ಅದೂ ಅದನ್ನೇ ಹೇಳಿತು. ಹಾಗಾದರೆ ಊರಿನ ಗೋಡೆಗಳ ಮೇಲೆ ತೂಗುತ್ತಿರುವುದು ಕೊನೆಯ ರೈಲೇ ಅಲ್ಲ. ಇನ್ನು ಆ ಹೂಚಕ್ರ ಯಾತಕ್ಕೆ?

ಟ್ರಂಕಿನ ತಳದಲ್ಲಿ ಕಿಡ್‌ನ ಟಿಪ್ಪಣಿ ಪುಸ್ತಕಗಳಿದ್ದವು. ಔಷಧಿ ಚೀಟಿ ಬರೆಯುವ ಅಚ್ಚುಕಟ್ಟಿನಲ್ಲೇ ಪ್ರತಿ ನೆಗೆಟಿವ್ ಪಟ್ಟಿಯ ಸಂಖ್ಯೆ, ದಿನ, ಬೆಳಕು ಬರೆದಿದ್ದ. ಹೂಚಕ್ರದ ನೆಗೆಟಿವ್ ಇದ್ದ ಇನ್ನೂರ ಹದಿನಾಲ್ಕನೆಯ ಪಟ್ಟಿಯ ಮುಂದೆ ಹೀಗಿತ್ತು: ೧೨-೩-೫೯. ಗುರುವಾರ. ಒಳ್ಳೆ ಬಿಸಿಲು.

ಆ ತಾರೀಖನ್ನು ಗೊತ್ತುಮಾಡಿಕೊಳ್ಳಲು ಅವಳಿಗೆ ಕ್ಯಾಲೆಂಡರ್ ಬೇಕಾಗಿರಲಿಲ್ಲ. ಅಪ್ಪನನ್ನು ಮಣ್ಣು ಮಾಡಿದ ದಿನ ಅದು. ಹೆಸ್ಟರ್ ನೆಲದ ಮೇಲೆ, ಚೆಲ್ಲಾಡಿದ ಡಬ್ಬಗಳ ನಡುವೆ ಕೂತುಬಿಟ್ಟಳು. ಮೊದಲು ಬಂದದ್ದು ಸಂತೋಷ. ಯಾರೋ ಇದ್ದರು! ನಲವತ್ತೇಳು ವರ್ಷ ಪ್ರತಿಯೊಬ್ಬರ ಮನೆಯ ಗೋಡೆಯ ಮೇಲೂ ಅಪ್ಪನ ಹೂಚಕ್ರ ಇತ್ತು, ತಾನು ಅದು ಅಚ್ಚಾದ ಬಟ್ಟೆಯಲ್ಲಿ ತಟ್ಟೆ ಕೂಡ ಒರೆಸಿದ್ದಳು. ಅದರ ಹಿಂದೆಯೇ ಸಿಟ್ಟು ಬಂತು. ಇದು ಗೊತ್ತಿದ್ದೂ ಬಚ್ಚಿಟ್ಟವನೊಬ್ಬನಿದ್ದಾನೆ. ಮೂಗಿನ ಮೇಲೆ ಕನ್ನಡಕ ಇಟ್ಟುಕೊಂಡು ಮನೆಯಲ್ಲಿ ಬಿಟ್ಟು ಬಂದೆ ಎನ್ನುವವನು.

ಕೋಟು ಹಾಕಿಕೊಂಡದ್ದು ತಿರುಗುಮುರುಗಾಗಿತ್ತು. ಹಾಗೆಯೇ ಹೊರಟಳು.

ಊರಿನ ಹಿಂದಿನ ಸಾಲುತೋಟಗಳಲ್ಲಿ ಸೆಪ್‌ದೊಂದು ತುಂಡು ಜಾಗ. ಅದರ ತುಂಬ ಲೀಕ್, ನಮ್ಮ ಈರುಳ್ಳಿಯ ದಾಯಾದಿ, ತೋಳಿನಷ್ಟು ದಪ್ಪ. ಸೆಪ್ಟೆಂಬರಿನ ಸ್ಪರ್ಧೆಗೆ ಮೊದಲು ಎದುರಾಳಿಗಳು ಬಂದು ಕುಯ್ದು ಹಾಕುತ್ತಾರೆಂದು ಅವನು ಇಡೀ ಹಗಲು ಅಲ್ಲೇ ಕಾವಲು.

"ಯಾರದು? ನನ್ನ ಲೀಕ್ ಮುಟ್ಟಿದ್ರೆ ಕೈ ಮುರೀತೀನಿ. ಓ, ನೀನಾ? ಬಾ."

"ಎಪ್ಪತ್ತೊಂಬತ್ತು," ಎಂದಳು ಹೆಸ್ಟರ್.

ಸೆಪ್ ನೀರು ಹಾಕುತ್ತಲೇ ಇದ್ದ.

"ಮಾರ್ಚ್ ಹನ್ನೆರಡು, ಐವತ್ತೊಂಬತ್ತು."

ನೀರು ಗಿಡ ಬಿಟ್ಟು ಅವನ ಬೂಟಿನ ಮೇಲೆ ಸುರಿಯತೊಡಗಿತು. ಅವನು ಅದನ್ನು ನೋಡುತ್ತ ನಿಂತ.

"ಕೂತ್ಕೋ ಹುಡುಗಿ."

"ಕೂರಲ್ಲ. ಯಾರು ಕಟ್ಟಿದ್ದು ಅದನ್ನ?"

"ನಾನು."

ಗುಡಿಸಲಿನ ಮುಂದೆ ಬೋರಲು ಹಾಕಿದ ಬಕೆಟ್ಟಿತ್ತು. ಸೆಪ್ ತಾನೇ ಅದರ ಮೇಲೆ ಕೂತ. "ಪಕ್ಕದೂರಲ್ಲಿ ತಗೊಂಡೆ. ಇಲ್ಲಿ ತಗೊಂಡ್ರೆ ಗೊತ್ತಾಗ್ತಿತ್ತಲ್ಲ. ಅವತ್ತು ಡ್ರೈವರು ಬೇರೆ ಶೆಡ್ಡಿಂದ ಬದಲಿ ಬಂದವನು. ಗೆಳೆಯ ಒಬ್ಬ ಹೋಗ್ಬಿಟ್ಟ, ಸ್ವಲ್ಪ ದೂರ ಕಟ್ಕೊಂಡು ಹೋಗೋಣ ಅಂದೆ. ಆಯ್ತು ಕಟ್ಟಪ್ಪ ಅಂದ. ಹಿಂದಿನ ನಿಲ್ದಾಣದಲ್ಲಿ ಇಳಿದು ಮೂತಿಗೆ ಸಿಗಿಸಿದೆ. ಡಬ್ಬೀಲಿ ಕೂತವರಿಗೆ ಇಂಜಿನ್ ಮೂತಿ ಕಾಣಲ್ಲ. ನೋಡಿದ್ದು ಆ ಕಿಡ್ ಒಬ್ಬನೇ, ತಿರುವಿನ ಮೇಲೆ ಕ್ಯಾಮೆರಾ ಹಿಡ್ಕೊಂಡು ನಿಂತಿದ್ದ. ಕೈ ಕಾಲು ಹಿಡಿದು ಬೇಡ್ಕೊಂಡೆ, ಯಾರಿಗೂ ತೋರಿಸಬೇಡ ಅಂತ. ಐದು ವರ್ಷ ಮಾತು ಉಳಿಸ್ಕೊಂಡ."

"ಆಮೇಲೆ?"

"ಆಮೇಲೆ ಕೊನೇ ರೈಲಿನ ದಿನ ಧೋ ಅಂತ ಮಳೆ. ತೆಗೆದ ಒಂದು ಫೋಟೋನೂ ಚೆನ್ನಾಗಿ ಬರಲಿಲ್ಲ. ಪತ್ರಿಕೆಯೋರು ಬಾಗಿಲಲ್ಲಿ ನಿಂತಿದ್ರು. ಇದನ್ನ ಕೊಟ್ಬಿಟ್ಟ. ಹೂಚಕ್ರ ಹೇಗೂ ಇತ್ತಲ್ಲ. ನನಗೂ ಅದೇ ಒಳ್ಳೇದಾಯ್ತು. ಕೊನೇ ರೈಲು ಅಂದ್ಕೊಂಡ್ರೆ ಯಾರೂ ಏನೂ ಕೇಳಲ್ಲ."

"ಸ್ಮಶಾನದ ಪಕ್ಕ ಸಿಳ್ಳೆ ಹಾಕಲಿಲ್ಲ ನೀವು. ನಾನು ಅಲ್ಲೇ ನಿಂತಿದ್ದೆ."

"ಸಿಳ್ಳೆ ಶೆಡ್ಡಿನ ತನಕ ಕೇಳುತ್ತೆ," ಎಂದ ಸೆಪ್. "ಹೂವು ಕೇಳಲ್ಲ."

ಹೆಸ್ಟರ್ ಅತ್ತಿತ್ತ ನಾಲ್ಕು ಹೆಜ್ಜೆ ಹಾಕಿದಳು. "ನಿಮಗ್ಯಾಕೆ ಬೇಕಿತ್ತು? ಅಪ್ಪ ನಿಮಗೇನಾಗಬೇಕು?"

"ನಾನವನ ಫೈರ್‌ಮನ್ ಕಣಮ್ಮ. ಮುಷ್ಕರಕ್ಕೆ ಮುಂಚೆನೂ, ಆಮೇಲೂ."

ಅಪ್ಪ ಮನೆಯಲ್ಲಿ ಯಾವತ್ತೂ ಹೆಸರು ಹೇಳುತ್ತಿರಲಿಲ್ಲ. ನಮ್ಮ ಹುಡುಗ ಎನ್ನುತ್ತಿದ್ದ, ಅಷ್ಟೇ. ಗಟ್ಟಿ ತೋಳಿನವನು, ಬೆಂಕಿಯ ಹದ ಬಲ್ಲವನು ಎಂದು ಹೊಗಳುತ್ತಿದ್ದ. ಆ ಹುಡುಗ ಮಾತು ಬಿಟ್ಟಿದ್ದಾನೆಂದು ಒಂದು ದಿನವೂ ಹೇಳಿರಲಿಲ್ಲ.

"ಮೂರು ವರ್ಷ ಒಂಬತ್ತು ತಿಂಗಳು," ಎಂದ ಸೆಪ್. "ದಿನಕ್ಕೆ ಎಂಟು ಗಂಟೆ, ಮೊಳದಷ್ಟು ಜಾಗದಲ್ಲಿ. ಅವನು ಗಡಿಯಾರ ನೋಡಿದ್ರೆ ಕಲ್ಲಿದ್ದಲು ಹಾಕ್ತಿದ್ದೆ. ಅವನು ಕೈ ಒರೆಸ್ಕೊಂಡ್ರೆ ಇಳಿಜಾರು ಬಂತು ಅಂತ. ಒಂದು ಸಲಾನೂ ತಪ್ಪಿಲ್ಲ. ಮಾತಾಡಿದ್ರೆ ನನಗೂ ಅದೇ ಗತಿ ಆಗ್ತಿತ್ತು ಹೆಸ್ಟರ್. ನಾನಾಗ ಇಪ್ಪತ್ನಾಲ್ಕರ ಹುಡುಗ."

"ಒಂದು ಮಾತು. ಇಬ್ಬರೇ ಇದ್ದಾಗ, ಹೊಗೆಯೊಳಗೆ, ಯಾರಿಗೂ ಕೇಳದ ಹಾಗೆ ಒಂದೇ ಒಂದು ಮಾತು?"

"ಇಲ್ಲ."

"ಹೂಚಕ್ರ ಏನು ಮಾಡಿದ್ರಿ?"

"ಶೆಡ್ಡು ಬರೋ ಮುಂಚೆ ಬಿಚ್ಚಿ ಬೆಂಕಿಗೆ ಹಾಕಿದೆ. ಎಲ್ಲಾನೂ ಅಲ್ಲಿಗೇ ಹಾಕ್ತಿದ್ದೆ."

"ಎಲ್ಲಾನೂ ಅಂದ್ರೆ?"

ಸೆಪ್ ಬೂಟಿಗಂಟಿದ ಕೆಸರನ್ನು ಕಡ್ಡಿಯಿಂದ ಕೆರೆದ. "ಅವನು ದಿನಾ ಒಂದು ತುಂಡು ಮಾಂಸದ ಪೈ ತರ್ತಿದ್ದ, ತನ್ನದಲ್ಲದೆ ಇನ್ನೊಂದು. ಬಾಯ್ಲರಿನ ಮೇಲಿನ ಹಲಗೆ ಮೇಲೆ ನನ್ನ ಕಡೆಗೆ ಇಡ್ತಿದ್ದ. ಬೆಚ್ಚಗಾಗಲಿ ಅಂತ. ಏನೂ ಹೇಳ್ತಿರಲಿಲ್ಲ. ನಾನು ತಿಂದ್ರೆ ಸೋತ ಹಾಗೆ ಅಲ್ವಾ? ಅವನ ಕಣ್ಣೆದುರಿಗೇ ತೆಗೆದು ಬೆಂಕಿಗೆ ಹಾಕ್ತಿದ್ದೆ. ಮಾರನೇ ದಿನ ಮತ್ತೆ ತರ್ತಿದ್ದ."

ಆ ಹುಡುಗ ಬಾಡಿಗೆ ಕೋಣೆಯಲ್ಲಿರುವವನು, ಹೊಟ್ಟೆಗೆ ಸರಿಯಾಗಿ ಸಿಗುವುದಿಲ್ಲ ಎಂದು ಅಮ್ಮ ದಿನವೂ ಒಂದು ತುಂಡು ಹೆಚ್ಚು ಮಾಡುತ್ತಿದ್ದಳು. ಎಣ್ಣೆ ಕಾಗದದಲ್ಲಿ ಸುತ್ತಿ, ಮೂಲೆ ಮಡಚಿ, ಡಬ್ಬಿಗೆ ಇಡುತ್ತಿದ್ದದ್ದು ಹೆಸ್ಟರ್. ಶಾಲೆಗೆ ಹೋಗುವ ಮುಂಚೆ ದಿನಾ ಅದು ಅವಳ ಕೆಲಸ. ರುಚಿ ಹೇಗಿತ್ತಂತೆ ಎಂದು ಅವಳು ಕೇಳಿದರೆ ಅಪ್ಪ ನಗುತ್ತ ಹೇಳುತ್ತಿದ್ದ: ಒಂದು ಚೂರೂ ಉಳಿಸಲಿಲ್ಲ ಕಣಮ್ಮ.

"ಬರೀಬೇಡ ಹೆಸ್ಟರ್," ಎನ್ನುತ್ತಿದ್ದ ಸೆಪ್. "ನಾನಿರೋ ತನಕ ಬೇಡ. ಆ ಕಾಲದವರು ಇನ್ನೂ ಇಬ್ಬರಿದ್ದಾರೆ, ಕ್ಲಬ್ಬಲ್ಲಿ ಒಂದೇ ಮೇಜು ನಮ್ಮದು. ಈ ವಯಸ್ಸಲ್ಲಿ ನನ್ನ ಹತ್ರ ಮಾತಾಡೋರು ಉಳಿದಿರೋದೇ ನಾಲ್ಕು ಜನ. ಅದರಲ್ಲಿ ನೀನೊಬ್ಬಳು."

ಹೆಸ್ಟರ್ ತಿರುಗಿ ನಡೆದಳು. ಅವನು ಎರಡು ಸಲ ಹೆಸರು ಹಿಡಿದು ಕರೆದದ್ದು ಕೇಳಿಸಿತು.

ಮುಂದಿನ ಮಂಗಳವಾರ ಅವಳು ಎಲ್ಲರಿಗೂ ನಮಸ್ಕಾರ ಹೇಳಿದಳು, ಸೆಪ್‌ಗೆ ಹೇಳಲಿಲ್ಲ. ಅವನು ಎಂದಿನಂತೆ ಪಕ್ಕದ ಕುರ್ಚಿಯಲ್ಲಿ ಕೂತ. "ಏನ್ ಹುಡುಗಿ" ಎಂದ. ಅವಳು ಕೇಳದವಳಂತೆ ಹಾಳೆ ತಿರುಗಿಸಿದಳು. ಅವನು ಕುಗ್ಗಿದ್ದು ಕಂಡು ಒಳಗೊಳಗೆ ಹಾಯೆನಿಸಿತು. ನಿನಗೂ ಗೊತ್ತಾಗಲಿ, ಎಂದುಕೊಂಡಳು. ಅದಕ್ಕೂ ಮುಂದಿನ ಮಂಗಳವಾರ ಅವನು ಏನೂ ಹೇಳಲಿಲ್ಲ. ಆದರೆ ಅವಳು ಕಣ್ಣು ಕಿರಿದು ಮಾಡಿದೊಡನೆ ಭೂತಗನ್ನಡಿ ಅವಳತ್ತ ಜರುಗುತ್ತಿತ್ತು, ಪೆನ್ಸಿಲ್ ಮೊಂಡಾದೊಡನೆ ಚೂಪಾದ ಇನ್ನೊಂದು ಕೈಗೆ ಸಿಗುತ್ತಿತ್ತು. ಈ ವಿದ್ಯೆಯನ್ನು ಅವನು ಎಲ್ಲಿ ಕಲಿತನೆಂದು ಅವಳಿಗೆ ಈಗ ಗೊತ್ತಿತ್ತು. ಅದು ಅವಳಿಗೆ ತಡೆಯಲಾಗದ ಹಿಂಸೆಯಾಯಿತು.

"ನಿಮ್ಮಿಬ್ಬರದೂ ಏನ್ರೀ ಇದು?" ಎಂದು ಮಾಲ್ಕಮ್ ಅವಳನ್ನು ಬಾಗಿಲ ಹೊರಗೆ ಹಿಡಿದ. "ಫೋಟೋ ಅಚ್ಚಿಗೆ ಹೋಗಬೇಕು. ನಂಬರ್ ಸಿಕ್ತಾ, ಇಲ್ವಾ?"

"ಇನ್ನೂ ನೋಡ್ತಾ ಇದೀನಿ," ಎಂದಳು. ಅಂಥ ಸುಳ್ಳು ಅವಳು ಜೀವಮಾನದಲ್ಲಿ ಹೇಳಿದವಳಲ್ಲ.

ಬಸ್ಸಿನಲ್ಲಿ ಕೂರಲಾಗದೆ ಎರಡು ನಿಲ್ದಾಣ ಮೊದಲೇ ಇಳಿದು ನಡೆದಳು. ನಾನು ಮಾಡುತ್ತಿರುವುದೇನು? ಅಪ್ಪನನ್ನು ಕೊಂದ ಆಟವನ್ನೇ ನಾನೂ ಆಡುತ್ತಿದ್ದೇನೆ. ನಾಳೆಯೇ ಹೋಗಿ ನಾಲ್ಕು ಬೈದು ಬರಬೇಕು, ಬೈದರೂ ಅದು ಮಾತೇ ತಾನೆ ಎಂದುಕೊಂಡಳು. ಮರುದಿನ ಸಾಲುತೋಟದ ಬೇಲಿಯವರೆಗೆ ಹೋದಳು. ಸೆಪ್‌ನ ಬಗ್ಗಿದ ಬೆನ್ನು ಕಂಡಿತು. ನಾಲಿಗೆ ಏಳಲಿಲ್ಲ. ಎಷ್ಟು ದಿನ ಬಿಟ್ಟಿರುತ್ತೇವೋ ಮೊದಲ ಮಾತು ಅಷ್ಟು ಭಾರವಾಗುತ್ತ ಹೋಗುತ್ತದೆ ಎಂದು ಅವಳಿಗೆ ಅರ್ಥವಾಯಿತು. ಎರಡು ವಾರಕ್ಕೇ ಇಷ್ಟು. ಇನ್ನು ಮೂರು ವರ್ಷ ಒಂಬತ್ತು ತಿಂಗಳಿಗೆ ಎಷ್ಟಾಗಿರಬೇಕು? ಕ್ಷಮಿಸಲು ಮನಸ್ಸಾಗಲಿಲ್ಲ, ಅರ್ಥವಾಯಿತು ಅಷ್ಟೇ. ಹಾಗೆಯೇ ಹಿಂದಿರುಗಿದಳು.

ಪ್ರದರ್ಶನಕ್ಕೆ ಎರಡು ದಿನವಿರುವಾಗ ಮೂರನೆಯ ಮಂಗಳವಾರ ಬಂತು. ಎಲ್ಲರೂ ಕೂತ ಮೇಲೆ ಸೆಪ್ ಎದ್ದು ನಾಲ್ಕಾಗಿ ಮಡಚಿದ ಕಾಗದವೊಂದನ್ನು ಮಾಲ್ಕಮ್‌ನ ಕೈಗಿಟ್ಟ.

"ಆ ಫೋಟೋಕ್ಕೆ. ಗಟ್ಟಿಯಾಗಿ ಓದು ಮೇಷ್ಟ್ರೆ. ಮುದುಕರಿಗೂ ಕೇಳೋ ಹಾಗೆ."

ಮಾಲ್ಕಮ್ ಕನ್ನಡಕ ಸರಿಮಾಡಿಕೊಂಡು ಶುರುಮಾಡಿದ. "ಇಂಜಿನ್ ಎಪ್ಪತ್ತೊಂಬತ್ತು. ಸ್ಕಾರ್‌ಬೆಕ್ ತಿರುವು. ೧೯೫೯ ಮಾರ್ಚ್ ೧೨, ಗುರುವಾರ. ಇದು ಕೊನೆಯ ರೈಲು ಅಲ್ಲ." ಅವನ ದನಿ ಅಲ್ಲಿ ತಡವರಿಸಿತು. "ಹೂಚಕ್ರ ಡ್ರೈವರ್ ವಿಲ್ಫ್ರಿಡ್ ಡಿನ್ಸ್‌ಡೇಲ್ ಅವರದು. ಅವರನ್ನು ಆ ದಿನ ಮಣ್ಣು ಮಾಡಿದರು. ಐವತ್ತೈದರ ಮುಷ್ಕರದಲ್ಲಿ ಕೆಲಸ ಮಾಡಿದ್ದಕ್ಕೆ ಶೆಡ್ಡಿನವರೆಲ್ಲ ಅವರ ಜೊತೆ ಮಾತು ಬಿಟ್ಟಿದ್ದೆವು. ಹೂಚಕ್ರ ಕಟ್ಟಿದವನು ಅವರ ಫೈರ್‌ಮನ್, ಸೆಪ್ಟಿಮಸ್ ಗಾರ್ಬಟ್. ಅವನೂ ಮಾತು ಬಿಟ್ಟಿದ್ದ. ಅವರು ಅವನಿಗೆ ದಿನಾ ಊಟ ತರುತ್ತಿದ್ದರು."

ಹೆಸ್ಟರ್ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅಪ್ಪನ ಹೆಸರನ್ನು ಅಷ್ಟು ಜನರ ಮುಂದೆ ಗಟ್ಟಿಯಾಗಿ ಹೇಳಿದ್ದು ಅವಳು ಕೇಳಿದ್ದು ಅದೇ ಮೊದಲು. ಕಣ್ಣು ತುಂಬಿ ಬಂದಿತ್ತು.

"ಇನ್ನೊಂದು ಸಾಲಿದೆ," ಎಂದ ಮಾಲ್ಕಮ್. "ಇಂಜಿನ್ ಹಿಂದಿನ ಟೆಂಡರ್, ನೇರ ಅಂಚಿನದು."

ಟೆಂಡರ್ ಎಂದರೆ ಇಂಜಿನ್ನಿನ ಬೆನ್ನಿಗೆ ಕಲ್ಲಿದ್ದಲು, ನೀರು ಹೊತ್ತು ಬರುವ ಬಂಡಿ. ಕೆಲವಕ್ಕೆ ಮೇಲಂಚು ಗೋಡೆಯಂತೆ ನೇರ, ಕೆಲವಕ್ಕೆ ತಟ್ಟೆಯ ಅಂಚಿನ ಹಾಗೆ ಹೊರಕ್ಕೆ ಬಾಗಿದ್ದು. ಆ ಫೋಟೋದಲ್ಲಿ ಅದು ಬಾಗಿದ್ದು ಕುರುಡನಿಗೂ ಕಾಣುತ್ತಿತ್ತು.

"ಬಾಗಿದಂಚು!" ಹೆಸ್ಟರ್ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದಳು. "ಬಾಗಿದಂಚು ಕಣೋ ಮುದುಕ! ನಾಲ್ಕು ವರ್ಷ ಅದರ ಎದುರು ನಿಂತು ಕಲ್ಲಿದ್ದಲು ಬಾಚಿದೀಯ, ಅಂಚು ನೇರವೋ ಬಾಗಿದ್ದೋ ಗೊತ್ತಿಲ್ವಾ ನಿನಗೆ? ಇಷ್ಟೆಲ್ಲ ಸರಿಯಾಗಿ ಬರೆದು ಅಪ್ಪನ ಫೋಟೋಕ್ಕೆ ತಪ್ಪು ಟೆಂಡರ್ ಹಾಕ್ತೀಯಾ?"

ಸೆಪ್ ತಲೆ ಎತ್ತಿದ. ಅವನ ಕೆನ್ನೆಯೆಲ್ಲ ಒದ್ದೆಯಾಗಿತ್ತು, ಒರೆಸಿಕೊಳ್ಳುವ ಯೋಚನೆಯೂ ಇದ್ದಂತಿರಲಿಲ್ಲ.

"ಗೊತ್ತು," ಎಂದ. "ಬಾಗಿದಂಚೇ. ತಪ್ಪು ಟೆಂಡರ್ ಕಂಡ್ರೆ ಇವಳು ಸುಮ್ಮನಿರೋಳಲ್ಲ, ಬೈಯೋಕಾದ್ರೂ ಬಾಯಿ ಬಿಡ್ತಾಳೆ ಅಂತ ಬೇಕಂತಲೇ ಬರೆದೆ."

ಹೆಸ್ಟರ್ ಮಾಲ್ಕಮ್‌ನ ಕೈಯಲ್ಲಿದ್ದ ಕಾಗದದತ್ತ ತಿರುಗಿದಳು.

"ನಿಮ್ಮಪ್ಪನಿಗೂ ಅಷ್ಟೇ, ತಪ್ಪು ಕಂಡ್ರೆ ಆಗ್ತಿರಲಿಲ್ಲ," ಎಂದ ಸೆಪ್. "ಒಂದು ದಿನ ಬೆಂಕಿ ಕೆಡಿಸಿದ್ರೆ ಸಾಕಿತ್ತು, ಅವನು ಬೈತಿದ್ದ. ಬೈದಿದ್ರೆ ನಾನೂ ಏನಾದ್ರೂ ಅಂತಿದ್ದೆ. ಮೂರು ವರ್ಷ ಒಂದು ದಿನಾನೂ ತಪ್ಪದ ಹಾಗೆ ಕೆಲಸ ಮಾಡಿದೆ ಹೆಸ್ಟರ್. ನನಗಾಗ ಇದು ಹೊಳೀಲೇ ಇಲ್ಲ."

ಯಾರೋ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದರು. ಹೆಸ್ಟರ್ ಅದನ್ನು ಎಳೆದುಕೊಂಡು ಸೆಪ್‌ನ ಪಕ್ಕದಲ್ಲಿ ಕೂತಳು. ಮಾಲ್ಕಮ್‌ನ ಕೈಯಿಂದ ಕಾಗದ ಕಸಿದು, ಕೊನೆಯ ಸಾಲಿನ ಒಂದು ಪದ ಹೊಡೆದು ಸರಿಯಾದದ್ದನ್ನು ಬರೆದಳು.

"ಇನ್ನೇನೇನು ತಪ್ಪು ಬರೆದಿದೀಯೋ," ಎಂದಳು, "ಎಲ್ಲಾ ತೆಗಿ, ನೋಡೋಣ."